ದೇವರ ಸೀಟು

ನಮ್ಮ ಮನೆಯಲ್ಲಿ ಕೂರಲು ಇದ್ದದ್ದು ಎರಡೇ ಸೀಟು. ಒಂದು ಮಾವನದು, ಇನ್ನೊಂದು ದೇವರದು. ಮನೆ ಅಂದರೆ ಟೆಂಪೊ. ಕುರಿ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ತಿರುಗುವವರಿಗೆ ಗೋಡೆ, ಬಾಗಿಲು ಎಲ್ಲಿಂದ ಬರಬೇಕು? ಮೊದಲು ಕುದುರೆಯ ಮೇಲೆ ಸಾಮಾನು ಹೇರುತ್ತಿದ್ದರಂತೆ, ಈಗ ಈ ಹಳೇ ಡಬ್ಬಾ. ಹಿಂದೆ ಒಲೆ, ಗ್ಯಾಸ್ ಸಿಲಿಂಡರು, ನೀರಿನ ಡ್ರಮ್ಮು, ಜೋಳದ ಚೀಲ, ಹಾಸಿಗೆ, ಇನ್ನೂ ನಡೆಯಲು ಬಾರದ ಕುರಿಮರಿಗಳು. ಅವುಗಳ ನಡುವೆ ಅತ್ತೆ ಮಲಕಮ್ಮ ಮತ್ತು ನಾನು, ಪವಿತ್ರಾ. ನನ್ನ ಗಂಡ ಪರಶುರಾಮ ಕುರಿಗಳ ಜೊತೆ ನಡೆದು ಬರುತ್ತಾನೆ. ಮಾವ ಹಣಮಂತ್ರಾಯ ಟೆಂಪೊ ಹೊಡೆದುಕೊಂಡು ಮುಂದೆ ಹೋಗಿ ರಾತ್ರಿ ಕುರಿ ನಿಲ್ಲಿಸುವ ಹಟ್ಟಿ ಹಾಕಲು ಹೊಲ ಗೊತ್ತು ಮಾಡುತ್ತಾನೆ. ಅವನ ಪಕ್ಕದ ಸೀಟಿನಲ್ಲಿ ನಮ್ಮ ಮನೆದೇವರು ಬೀರಪ್ಪನ ಪೆಟ್ಟಿಗೆ, ಅದರ ಮೇಲೆ ಕರಿ ಕಂಬಳಿ, ಭಂಡಾರದ ಅರಿಸಿನ. ಎದುರಿಗೆ ಅತ್ತೆ ಮಾವ ಇಬ್ಬರಿಗೂ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಇಲ್ಲಿ, ನಿಮಗೆ ಹೇಳುವಾಗ, ಹಚ್ಚುವುದಿಲ್ಲ, ಮನಸ್ಸಿಲ್ಲ.

ಆ ಎರಡೂ ಸೀಟು ಹಾಳಾಗಿ ಹೋಗಿದ್ದವು. ರೆಕ್ಸಿನ್ ಹರಿದು, ಒಳಗಿನ ಫೋಮ್ ಪುಡಿಪುಡಿಯಾಗಿ, ಸ್ಪ್ರಿಂಗು ಮೇಲೆದ್ದಿದ್ದವು. ಮಾವ ಗೋಣಿಚೀಲ ಮಡಚಿ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದ. ಸಣ್ಣ ತಗ್ಗು ಬಂದರೂ “ಯಪ್ಪಾ, ಸತ್ನೋ” ಅಂತ ಒದರುತ್ತಿದ್ದ. ತನ್ನ ಸೊಂಟ ಉಳಿಸಿಕೊಳ್ಳಲು ಟೆಂಪೊವನ್ನು ಎತ್ತಿನ ಬಂಡಿಯಷ್ಟು ಸಾವಕಾಶ ಹೊಡೆಯುತ್ತಿದ್ದ. ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು, ನಾನು ಮುಸುಕಿನೊಳಗೆ ನಗುತ್ತಿದ್ದೆ.

ನನಗೆ ಆಗ ಏಳು ತಿಂಗಳು. ಅದರ ಹಿಂದಿನದು ಮೂರು ತಿಂಗಳಿಗೇ ಹೋಗಿತ್ತು. ಈ ಕೂಸಾದರೂ ಉಳಿಯಲಿ ಅಂತ ನಾನು ಬೇಡದ ದಿನವಿಲ್ಲ. ಶಹಾಪುರದ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, “ಹುಷಾರ್ ಇರವ್ವ. ಬೀಳೂದು, ಹೊಟ್ಟಿಗಿ ಪೆಟ್ಟ ಆಗೂದು ಏನೂ ಆಗಬಾರ್ದು. ಮನಿಯಾಗ ಕುಂದ್ರು” ಅಂದಳು. ನಮ್ಮ ಮನೆಗೆ ಗಾಲಿ ಇವೆ ಅಂತ ಅವಳಿಗೆ ಹೇಳಲು ನಾಚಿಕೆಯಾಯಿತು. ತವರಿಗೆ ಹೋಗೋಣವೆಂದರೆ ಅಲ್ಲಿ ಅವ್ವ ಇಲ್ಲ.

ಸಗರದ ಹೊಲಗಳಲ್ಲಿ ಹಟ್ಟಿ ಮುಗಿದ ಮೇಲೆ ಗಂಡ ನಸುಕಿನಲ್ಲೇ ಕುರಿ ಹೊಡೆದುಕೊಂಡು ಸುರಪುರದ ದಾರಿ ಹಿಡಿದ. ನಾವು ಟೆಂಪೊದಲ್ಲಿ ಶಹಾಪುರದ ಮುಷರಫನ ಅಂಗಡಿಗೆ ಬಂದೆವು. ಅವನು ಗಾಡಿಗಳಿಗೆ ಸೀಟು ಕಟ್ಟುತ್ತಾನೆ. ಮಾವ ಮೊದಲೇ ಹೇಳಿಟ್ಟಿದ್ದರಿಂದ ಹೊಸ ಸೀಟುಗಳೆರಡೂ ತಯಾರಿದ್ದವು, ಕೆಂಪು ರೆಕ್ಸಿನ್ನಿನವು. ಹಳೆಯದರ ಬೋಲ್ಟು ಬಿಚ್ಚುತ್ತ ಅವನು ಕೇಳಿದ:

“ಈ ಕಡಿ ಸೀಟಿನ್ಯಾಗ ಯಾರ್ ಕುಂದ್ರತಾರ್ರಿ?”

“ದ್ಯಾವರು” ಅಂದ ಮಾವ.

“ಹಂಗಾದ್ರ ಇದು ಮೆತ್ತಗ ಆಗ್ಯಾದೋ ಇಲ್ಲೋ ಯಾರ್ ಹೇಳ್ಬೇಕ್ರಿ?” ಅಂತ ಅವನು ನಕ್ಕ. ಆಮೇಲೆ ನನ್ನ ಹೊಟ್ಟೆ ನೋಡಿದ. “ತಂಗೀ, ನೀ ಎಲ್ಲಿ ಕುಂದ್ರತಿ?”

ನಾನು ಜೋಳದ ಚೀಲ ತೋರಿಸಿದೆ.

“ಅಲ್ಲಿ ಹಿಡ್ಕೊಳ್ಳಾಕ ಏನದ? ಯಜಮಾನ್ರ, ಹ್ಯಾಂಗೂ ಹಳೇವು ಗುಜರಿಗೆ ಹೋಗಾವ. ಒಂದಕ್ಕ ಗಾದಿ ಹಾಕಿ ಹಿಂದ ಕುಂದ್ರಿಸಿ ಕೊಡ್ತೀನಿ. ರೊಕ್ಕ ಬ್ಯಾಡ್ರಿ.”

ಹಿರಿಯರ ಮುಂದೆ ಬಾಯಿ ತೆರೆಯದ ನಾನು, “ನನಗ ಬೇಕ್ರಿ” ಅಂದುಬಿಟ್ಟೆ.

ಅತ್ತೆ ಗಕ್ಕನೆ ತಿರುಗಿದಳು. “ದ್ಯಾವರು ಕುಂತ ಸೀಟಿನ್ಯಾಗ ನೀ ಕುಂದ್ರತೀಯೇನ?”

“ಹಂಗಾದ್ರ ಮಾವಂದು ಹಾಕ್ಲಿರಿ ಅತ್ತಿ.”

“ಮಾವ ಕುಂತದ್ರಾಗ ಸೊಸಿ ಕುಂದ್ರತಾಳ? ನಾಚಿಕಿ, ಮಾನ ಏನಾರ ಅದ ಇಲ್ಲ ನಿನಗ? ನಾವೇನು ಬಸರಾಗಿಲ್ಲ, ಹಡದಿಲ್ಲ?”

ನೋಡಿ ಚಂದ! ಒಂದರಲ್ಲಿ ದೇವರು ಕೂತಿದ್ದ, ಇನ್ನೊಂದರಲ್ಲಿ ಮಾವ ಕೂತಿದ್ದ. ಗುಜರಿಗೆ ಹೋದರೆ ಯಾರ ಮಾನವೂ ಹೋಗುವುದಿಲ್ಲ, ನಾನು ಕೂತರೆ ಮಾತ್ರ ಹೋಗುತ್ತದೆ. ಮಾವ ಒಂದು ಮಾತು ಆಡಬಹುದಿತ್ತು. ಅವನು ಹೊಸ ಸೀಟಿನ ಮೇಲೆ ಕೂತು, ಎದ್ದು, ಮತ್ತೆ ಕೂತು, “ಆಹಾ, ಮದಲಿಂಗನ ಗಾದಿ ಆಗ್ಯಾದ ನೋಡು” ಅನ್ನುತ್ತಿದ್ದ. ಮುಷರಫ ಹಳೆಯ ಸೀಟುಗಳನ್ನು ಮೂಲೆಗೆ ಎಸೆದ. ನಾನು ಚೀಲದ ಮೇಲೆ ಹೋಗಿ ಕೂತೆ.

ಶಹಾಪುರ ದಾಟುತ್ತಿದ್ದಂತೆ ಟೆಂಪೊ ಓಡಿತು. ಹಂಗೆ ಓಡಿದ್ದನ್ನು ನಾನು ಕಂಡೇ ಇರಲಿಲ್ಲ. ಮಾವನಿಗೆ ತಗ್ಗು ಗೊತ್ತಾಗುತ್ತಿರಲಿಲ್ಲ, ದಿನ್ನೆ ಗೊತ್ತಾಗುತ್ತಿರಲಿಲ್ಲ. ಒಂದು ಬಸ್ಸನ್ನೂ ಹಿಂದೆ ಹಾಕಿದ. ಹಿಂದೆ ನಾವು ಮೊರದಲ್ಲಿನ ಕಾಳಿನಂತೆ ಹಾರಿ ಹಾರಿ ಬೀಳುತ್ತಿದ್ದೆವು. ನಾನು ಮಾವನ ಸೀಟಿಗೂ ನಮಗೂ ನಡುವಿನ ಕಿಂಡಿಗೆ ಬಾಯಿ ಹಚ್ಚಿ ಕೂಗಿದೆ:

“ಮಾವಾ, ಸಾವಕಾಶ ಹೊಡೀರಿ!”

“ಯಾಕ? ಏನೂ ಕುಲುಕವಲ್ದಲ್ಲ! ನೀರಾಗ ತೇಲಿದಂಗ ಹೊಂಟದ” ಅಂದ. ಸುಳ್ಳು ಹೇಳಲಿಲ್ಲ. ಅವನಿಗೆ ಹಾಗೇ ಅನಿಸುತ್ತಿತ್ತು.

ಕಾಲುವೆ ಸೇತುವೆಯ ಹತ್ತಿರ ಹೊಸದಾಗಿ ಹಂಪ್ ಹಾಕಿದ್ದರು, ಬಣ್ಣ ಬಳಿದಿರಲಿಲ್ಲ. ಟೆಂಪೊ ಎಗರಿತು. ನಾನು ಮೇಲೆ ಹೋಗಿ ಸಿಲಿಂಡರಿನ ಕಬ್ಬಿಣದ ಬಳೆಯ ಮೇಲೆ ಹೊಟ್ಟೆ ಕೊಟ್ಟು ಬಿದ್ದೆ. ಅತ್ತೆ ನನ್ನ ಪಕ್ಕದಲ್ಲೇ ಇದ್ದಳು. ಅವಳ ತೊಡೆಯ ಮೇಲಿದ್ದ ಕುರಿಮರಿ ಜಾರಿತು, ಅದನ್ನು ಹಿಡಿದುಕೊಂಡಳು. ಮರಿಗೆ ಏನೂ ಆಗಲಿಲ್ಲ.

ನನ್ನ ಸೀರೆ ಕೆಂಪಾಯಿತು. ಕೆಳಗಿಳಿಸಿ ರಸ್ತೆಯ ಪಕ್ಕ ಮಲಗಿಸಿದರು. ನೂರೆಂಟಕ್ಕೆ ಫೋನ್ ಹಚ್ಚಲು ಅಲ್ಲಿ ನೆಟ್‌ವರ್ಕ್ ಸಿಗಲಿಲ್ಲ. “ಹಿಂದ ಹಾಕಬ್ಯಾಡ್ರಿ, ಮುಂದ ಕುಂದ್ರಿಸ್ರಿ, ಸುರಪುರ ಹತ್ರ ಅದ” ಅಂತ ನಾನೇ ಬೇಡಿಕೊಂಡೆ. ಮುಂದೆ ಕೂರಿಸಬೇಕಾದರೆ ದೇವರನ್ನು ಇಳಿಸಬೇಕು. ನನ್ನನ್ನು ಎತ್ತಿದ ಕೈಗಳಿಗೆ ರಕ್ತ ಹತ್ತಿತ್ತು. ಆ ಕೈಯಿಂದ ಪೆಟ್ಟಿಗೆ ಮುಟ್ಟುವಂತಿಲ್ಲ. ಮಾವ ಕಾಲುವೆಗೆ ಇಳಿದ. ಕೈ ತೊಳೆದ, ಕಾಲು ತೊಳೆದ, ಮುಖ ತೊಳೆದ. ರುಮಾಲು ಬಿಚ್ಚಿ ಸರಿಯಾಗಿ ಸುತ್ತಿಕೊಂಡ. ನಾನು ಮಣ್ಣಿನಲ್ಲಿ ಮಲಗಿ ಅದನ್ನೆಲ್ಲ ನೋಡುತ್ತಿದ್ದೆ. ಹೊಟ್ಟೆಯೊಳಗೆ ಕೂಸು ಒಮ್ಮೆ ಜೋರಾಗಿ ಹೊರಳಿತು. ಆಮೇಲೆ ಹೊರಳಲಿಲ್ಲ. “ಲಗೂನ ಬರ್ರಿ ಮಾವಾ, ನಿಮ್ಮ ಕಾಲಿಗೆ ಬೀಳ್ತೀನಿ” ಅಂತ ಒದರಿದೆ. ಅವನು ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಭಂಡಾರ ಚೆಲ್ಲಿ, ಪೆಟ್ಟಿಗೆ ಇಳಿಸಿ, ಕೈ ಮುಗಿದು, ಆಮೇಲೆ ಬಂದ. ದೇವರನ್ನು ಒಂಟಿ ಬಿಡಬಾರದೆಂದು ಅತ್ತೆ ಅಲ್ಲೇ ಉಳಿದಳು. ಹಿಡಿದುಕೊಳ್ಳುವವರಿಲ್ಲದೆ ನಾನು ದೇವರ ಸೀಟಿನಲ್ಲಿ ಒಬ್ಬಳೇ ಹೋದೆ.

ಸುರಪುರದ ದವಾಖಾನೆಯಲ್ಲಿ ಕೂಸು ಹೊರಗೆ ಬಂತು. ಗಂಡು. ತಲೆ ತುಂಬ ಕೂದಲಿತ್ತು. ಅಳಲಿಲ್ಲ. ನರ್ಸ್ ಒಂದು ಬಟ್ಟೆಯಲ್ಲಿ ಸುತ್ತಿ ತೋರಿಸಿದಳು. ಸಂಜೆಗೆ ಗಂಡ ಬಂದ, ಕೂಸನ್ನು ತನ್ನ ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ಎಲ್ಲಿ ಇಟ್ಟೆ ಅಂತ ನಾನು ಇವತ್ತಿಗೂ ಕೇಳಿಲ್ಲ. ಕೇಳಿದರೆ ಆ ಹೊಲ ಬಂದಾಗಲೆಲ್ಲ ಟೆಂಪೊ ನಿಲ್ಲಿಸಿ ಅನ್ನಬೇಕಾಗುತ್ತದೆ. ಮೂರನೆಯ ದಿನಕ್ಕೆ ಎದೆಯಲ್ಲಿ ಹಾಲು ಬಂತು, ಕುಡಿಯುವವರು ಇರಲಿಲ್ಲ. ಗೋಡೆಗೆ ಮುಖ ಮಾಡಿ ಹಿಂಡಿ ಚೆಲ್ಲಿದೆ.

ಮನೆಗೆ, ಅಂದರೆ ಟೆಂಪೊಗೆ, ಬಂದ ದಿನ ನಾನು ರೂಢಿಯಂತೆ ಹಿಂದೆ ಹತ್ತಲು ಹೋದೆ. ಅತ್ತೆ ತಡೆದಳು.

“ಮುಂದ ಕುಂದ್ರು. ಆ ಸೀಟಿಗಿ ನಿನ್ನ ಮೈಲಿಗಿ ಹತ್ಯಾದ. ಎಷ್ಟ ತೊಳದ್ರೂ ಇನ್ನ ದ್ಯಾವರಿಗಿ ನಡಿಯಂಗಿಲ್ಲ.”

ಹೀಗೆ ನನಗೆ ಸೀಟು ಸಿಕ್ಕಿತು. ಈಗ ಕೂರುತ್ತಿರುವುದು ಅಲ್ಲೇ. ಮೆತ್ತಗಿದೆ, ನಿಜ ಹೇಳುತ್ತೇನೆ, ಏನೂ ಗೊತ್ತಾಗುವುದಿಲ್ಲ. ಆ ಮೆದುತನಕ್ಕೆ ಬೆಂಕಿ ಹಚ್ಚಬೇಕು ಅನಿಸುತ್ತದೆ. ಬೀರಪ್ಪನ ಪೆಟ್ಟಿಗೆ ಹಿಂದೆ ಹೋಯಿತು, ಜೋಳದ ಚೀಲದ ಮೇಲೆ.

ಮೊದಲ ದಿನವೇ ದಾರಿಯಲ್ಲಿ ಒಂದು ಹಂಪ್ ಬಂತು. ಮಾವ ದೂರದಿಂದಲೇ ಬ್ರೇಕ್ ಒತ್ತಿದ, ಗೇರ್ ಇಳಿಸಿದ, ತೊಟ್ಟಿಲು ತೂಗುವವರ ಹಾಗೆ ಮೆತ್ತಗೆ ದಾಟಿಸಿದ. ನನಗಾಗಿಯೇ ಅಂದುಕೊಂಡೆ, ಕಣ್ಣು ತುಂಬಿ ಬಂತು. ಅವನು ನನ್ನ ಕಡೆ ನೋಡಲಿಲ್ಲ. ಕಿಂಡಿಯ ಕಡೆ ಕುತ್ತಿಗೆ ಹೊರಳಿಸಿದ.

“ಏ ಮಲಕಿ, ದ್ಯಾವರಿಗಿ ಏನೂ ಆಗಿಲ್ಲಲಾ?”

“ಇಲ್ರಿ” ಅಂದಳು ಅತ್ತೆ ಹಿಂದಿನಿಂದ. “ಎರಡೂ ಕೈಲೆ ಗಟ್ಟಿ ಹಿಡ್ಕೊಂಡೀನಿ.”