ಕೆಂಪು ಕಾರಿನ ಎರಡು ಕೊಂಡಿಗಳು

ಡ್ರಿಲ್ಲು ಕೊರೆದಲ್ಲೆಲ್ಲ ಏಳುತ್ತಿದ್ದ ಬಿಳಿಯ ಪುಡಿ, ಥೇಟು ಸೀಮೆಸುಣ್ಣದ್ದೇ, ಸಂಜೆಯ ಹೊತ್ತಿಗೆ ಕರಿಹಲಗೆಯ ಕೆಳಗಿನ ಪಟ್ಟಿಯಲ್ಲಿ ಕೂಡಿರುತ್ತಿತ್ತಲ್ಲ ಹಾಗೆ, ಆದರೆ ಇದು ಕಾರಿನ ಫೈಬರ್ ಮೈಯ ಗಾಜಿನ ನಾರು, ತಾಕಿದರೆ ತುರಿಸುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಆಗಲೇ ಹೇಳಿಯಾಗಿದೆ, ಇನ್ನೊಮ್ಮೆ ಹೇಳುವುದಿಲ್ಲ ಎಂದುಕೊಳ್ಳುತ್ತಲೇ ವಿಮಲಮ್ಮ ಇನ್ನೊಮ್ಮೆ ಹೇಳಿದರು, ರೀ, ಮೂಗಿಗೆ ಬಟ್ಟೆ — ಗಂಡ ಭೈರಪ್ಪ ಹೂಂ ಎಂದರು, ಹೆಗಲ ಟವೆಲನ್ನು ತೆಗೆದು ತಮ್ಮ ಮೂಗಿಗಲ್ಲ, ಕಾರಿನ ಮೂತಿಗೆ ಒತ್ತಿ ಪುಡಿ ಒರೆಸಿದರು, ಕೂಸಿನ ಮೂಗೊರೆಸುವ ಹಾಗೆ. ಬಾನೆಟ್ಟು ಅಲುಗದಂತೆ ಎರಡೂ ಕೈಯಿಂದ ಒತ್ತಿ ಹಿಡಿಯುವುದು ವಿಮಲಮ್ಮನವರ ಪಾಲಿನ ಕೆಲಸ, ಕೆಂಪು ಬಾನೆಟ್ಟು, ಮಾಚೇನಹಳ್ಳಿಯ ಎಳೆಬಿಸಿಲಿಗೆ ಅಂಗೈಯಡಿ ಬೆಚ್ಚಗಾಗುತ್ತಿದೆ, ಕೆಳಗೆ ಹಾಸಿದ ಪೇಪರಿನ ಮೇಲೆ ಬಿಚ್ಚಿಟ್ಟ ಹಳೆಯ ಕೊಂಡಿಗಳು ಬಾಯ್ತೆರೆದು ಬಿದ್ದಿವೆ, ಒಂದರ ಬಾಯಲ್ಲಿ ಚೆಂಡುಹೂವಿನ ಒಂದೆಸಳು, ಒಣಗಿದ್ದು, ಕಿತ್ತಳೆ ಬಣ್ಣದ್ದು, ಅದೇಕೆ ಅಲ್ಲಿ — ವಿಮಲ, ಗಟ್ಟಿ ಹಿಡ್ಕೊಳೇ ಮಾರಾಯ್ತಿ, ತೂತು ಸೊಟ್ಟ ಆಗುತ್ತೆ — ಹಿಡಿದೇ ಇದ್ದೇನಲ್ಲ, ಸೊಟ್ಟ ಮಾಡುವವರು ಯಾರು ಎಂದು ಹೋದ ಭಾನುವಾರವೇ ಲೋಕಕ್ಕೆ ಗೊತ್ತಾಗಿದೆ.

ಹೋದ ಭಾನುವಾರ, ಇದೇ ಅಂಗಳ, ಶೇಷಪ್ಪನವರ ಶೆಡ್ಡಿನ ಹಿಂದಿನ ಈ ಉದ್ದನೆಯ ಸಿಮೆಂಟು ದಾರಿ, ಏಕೆಂದರೆ ನೋಂದಣಿಯಾಗದ ಗಾಡಿ ಸರ್ಕಾರದ ರಸ್ತೆಗೆ ಇಳಿಯಕೂಡದು, ಅದು ಮನೆಯಲ್ಲೇ ಕಟ್ಟಿದ್ದಾದರೂ ಸರಿ, ಗಂಡ ಕಟ್ಟಿದ್ದಾದರೂ ಸರಿ, ಮಲವಗೊಪ್ಪದ ಮನೆಯಿಂದ ಇಲ್ಲಿಗೆ ಅದನ್ನು ಟೆಂಪೋದಲ್ಲೇ ಹೇರಿಸಿ ತರಿಸಿದವರು ವಿಮಲಮ್ಮ, ಎಷ್ಟು ಮಹಾ ದೂರ ಟೀಚರಮ್ಮ, ಬೆಳ್ಳಂಬೆಳಿಗ್ಗೆ ಯಾರ್ ನೋಡ್ತಾರೆ ಎಂದಿದ್ದರು ಶೇಷಪ್ಪ, ನಾನು ನೋಡ್ತೀನಲ್ಲ ಎಂದಿದ್ದರು ವಿಮಲಮ್ಮ. ಶೇಷಪ್ಪ ಭದ್ರಾವತಿಯ ನ್ಯೂ ಟೌನಿನವರು, ಕಾರ್ಖಾನೆಯಲ್ಲಿ ಭೈರಪ್ಪನವರ ಪಕ್ಕದ ಲೇತ್ ಯಂತ್ರದಲ್ಲಿದ್ದವರು, ಬಾಯಿ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಪೂಜೆಯಾಗಿ, ನಿಂಬೆಹಣ್ಣು ಚಕ್ರದಡಿ ಚಿಟ್ಟೆಂದು, ಕಾರು ಹೊರಟಿತು, ಎಷ್ಟು ಚೆಂದ ಹೊರಟಿತ್ತು, ಭೈರಪ್ಪನವರ ಬೆನ್ನು ನೆಟ್ಟಗೆ, ಪಕ್ಕದಲ್ಲಿ ತಾವು, ಕಣ್ಣೆದುರು ಆಕಾಶ, ದೂರದಲ್ಲಿ ನೀಲಗಿರಿ ಮರಗಳ ಸಾಲು, ವೇಗ ಏರುತ್ತಿದ್ದಂತೆ ಮೂತಿಯ ಬಳಿ ಏನೋ ಪಟಪಟ, ಇದ್ದಕ್ಕಿದ್ದಂತೆ ಬಾನೆಟ್ಟು ಎದ್ದು ನಿಂತಿತು, ಆಕಾಶವಿಲ್ಲ, ಮರಗಳಿಲ್ಲ, ಬರಿಯ ಕೆಂಪು, ಗಾಜಿನ ಮೇಲೆ ಚೆಂಡುಹೂವಿನ ಎಸಳುಗಳ ಮಳೆ, ಆಮೇಲೆ ಧೊಪ್ ಎಂದು ದಾರಿಯ ಬದಿಗೆ ಪೇರಿಸಿದ್ದ ಮರಳಿನ ಚೀಲಗಳು. ಯಾರಿಗೂ ಏನೂ ಆಗಲಿಲ್ಲ. ಆದದ್ದು ಭೈರಪ್ಪನವರ ಮುಖಕ್ಕೆ — ಏನ್ ಭೈರಪ್ಪ, ನಿನ್ ಕಾರು ನಂಗೆ ಸಲಾಮ್ ಹೊಡೀತಲ್ಲೋ ಎಂದು ಶೇಷಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಾಗ.

ಅವತ್ತು ಸಂಜೆಯಿಂದ ಭೈರಪ್ಪನವರ ಸಿಳ್ಳೆ ನಿಂತಿದೆ. ಅದೇ ಸಂಕಟ. ತಾವೇ ಎಷ್ಟು ಬೈದಿದ್ದರು ಆ ಸಿಳ್ಳೆಯನ್ನು, ಗೌರವಸ್ಥರ ಮನೆಯಲ್ಲಿ ಬಸ್ ಸ್ಟ್ಯಾಂಡಿನ ಪೋಲಿಗಳ ಹಾಗೆ ಏನ್ರೀ ಅದು, ಆದರೆ ನಿವೃತ್ತಿಯ ನಂತರ ಟೀವಿಯ ಮುಂದೆ ರಿಮೋಟು ಹಿಡಿದು, ನೋಡದೆ, ಬರಿದೆ ಕೂತಿರುತ್ತಿದ್ದ ಮನುಷ್ಯ, ಕೊಯಮತ್ತೂರಿನಿಂದ ಹುಲ್ಲಿನಲ್ಲಿ ಸುತ್ತಿದ ಈ ಕಾರಿನ ಬಿಡಿಭಾಗಗಳು ಲಾರಿಯಿಂದ ಇಳಿದ ದಿನ ಸಿಳ್ಳೆ ಹಾಕಿದರು, ಅದಕ್ಕೆ ಕೂರಿಸಿದ ಹಳೆಯ ವ್ಯಾನಿನ ಇಂಜಿನ್ನು ಗುರ್ರೆಂದ ದಿನ ಓಣಿಗೆಲ್ಲ ಕೇಳುವಂತೆ ಹಾಕಿದರು, ಈಗ ಒಂದು ವಾರದಿಂದ ಮನೆಯಲ್ಲಿ ಕುಕ್ಕರು ಬಿಟ್ಟರೆ ಕೂಗುವವರಿಲ್ಲ. ಇವತ್ತೂ ಬಾನೆಟ್ ಎದ್ರೆ ಗಾಡಿ ನೀನೇ ಇಟ್ಕೋ ಮಾರಾಯ, ನಂಗಿನ್ನು ಇದ್ರ ಸಹವಾಸ ಬೇಡ ಎಂದು ಭೈರಪ್ಪ ಶೇಷಪ್ಪನವರಿಗೆ ಮಾತು ಕೊಟ್ಟಿದ್ದಾರೆ, ಕೊಟ್ಟ ಮಾತು ತಪ್ಪುವವರಲ್ಲ, ಕೋಳಿ ಗೂಡು ಮಾಡ್ತೀನಿ, ಸೀಟಿನ ಮೇಲೆ ಚೆನ್ನಾಗಿ ಮೊಟ್ಟೆ ಇಡ್ತಾವೆ ಎಂದು ಶೇಷಪ್ಪ ಕಲ್ಲುಚಪ್ಪಡಿಯ ಮೇಲೆ ಕಾಲಾಡಿಸುತ್ತ ಕೂತಿದ್ದಾರೆ. ತಾವಾದರೂ ವಾರವಿಡೀ ಸುಮ್ಮನಿದ್ದರೇ, ಸುಮ್ಮನಿರುವುದು ಹೇಗೆ, ಅಜಾಗರೂಕತೆ ಎಂಬುದು ಸಣ್ಣ ತಪ್ಪಲ್ಲ, ನಡೆಯುತ್ತೆ ಬಿಡಿ, ನಡೆಯುತ್ತೆ ಬಿಡಿ, ಈ ಎರಡು ಪದಗಳಿಂದಲೇ ದೇಶದ ಅರ್ಧ ಬಾಗಿಲುಗಳು ಹಾಕಿಕೊಳ್ಳುತ್ತಿಲ್ಲ, ಶಾಲೆಯ ಗೇಟಿಗೆ ತಂತಿ, ಭದ್ರಾವತಿಗೆ ಹೋಗುವ ಸಿಟಿ ಬಸ್ಸಿನ ಬಾಗಿಲಿಗೆ ಹಗ್ಗ, ಕೇಳಿದರೆ ಕಂಡಕ್ಟರು, ಟೀಚರ್, ಚಿಲಕ ಕಿತ್ತೋಗುತ್ತೆ, ಹಗ್ಗ ಎಲ್ಲಿಗೋಗುತ್ತೆ ಹೇಳಿ ಅನ್ನುತ್ತಾನೆ, ಬಸ್ಸಿಗೆ ಬಸ್ಸೇ ನಗುತ್ತದೆ, ಹಾಗಿರುವಾಗ ಸ್ವಂತ ಗಂಡನೇ ಕೊಂಡಿಯನ್ನು ಅರೆಬರೆ ಕೂರಿಸಿದರೆ ಹೇಳದೆ ಬಿಡಲಾದೀತೇ, ಹೇಳಿದರು, ತಿಂಡಿಯ ಹೊತ್ತಿಗೆ, ಊಟದ ಹೊತ್ತಿಗೆ, ಅವರು ತಟ್ಟೆ ನೋಡುತ್ತ, ನಾನ್ ಸರಿಯಾಗೇ ಹಾಕಿದ್ದೆ ಕಣೇ, ಟಕ್ ಅಂತ ಕೇಳಿತ್ತು ನಂಗೆ ಎಂದರು, ತಪ್ಪು ಮಾಡಿದವರೆಲ್ಲ ಹೀಗೇ ತಟ್ಟೆ ನೋಡುವುದು ಎಂದುಕೊಂಡರು ವಿಮಲಮ್ಮ.

ಟಕ್. ಟಕ್. ಹೊಸ ಕೊಂಡಿಗಳು ಕೂತವು, ಬಾನೆಟ್ಟಿನ ಒಳಗಡೆ ತಗಡಿನ ಪಟ್ಟಿಯ ಆಸರೆ ಕೊಟ್ಟು, ಫೈಬರು ಬಿರಿಯದ ಹಾಗೆ, ಅಂಚಿನ ಕೊಕ್ಕೆಗೆ ಬಳೆಯಂಥ ಕಂಬಿ ಸಿಕ್ಕಿಸಿ ಹಿಡಿಯನ್ನು ಒತ್ತಬೇಕು, ಈ ಸಲ ಹಿಡಿಯಲ್ಲೊಂದು ತೂತು, ಅದಕ್ಕೊಂದು ಪಿನ್ನು, ಪಿನ್ನು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ಭೈರಪ್ಪ ಬಾನೆಟ್ಟನ್ನು ಹಿಡಿದು ಅಲುಗಿಸಿದರು, ಇಡೀ ಕಾರು ಅಲುಗಿತು, ಬಾನೆಟ್ಟು ಅಲುಗಲಿಲ್ಲ. ಮಾಲೆ ಹಾಕು ಎಂದರು. ಹಾಕದೆ ಗಾಡಿ ಹೊರಡುವುದುಂಟೇ, ವಿಮಲಮ್ಮ ಬುಟ್ಟಿಯಿಂದ ಎತ್ತಿಕೊಂಡರು, ತಾವೇ ಬಾಳೆನಾರಿನಲ್ಲಿ ಕಟ್ಟಿದ್ದು, ಹೂವಿಗೊಂದು ಗಂಟು, ದೇವರಿಗೆ ಏರಿಸಿದ ಹೂವು ಚಕ್ರಕ್ಕೆ ಸಿಕ್ಕಿ ನಲುಗಬಾರದು, ಅದು ತಮ್ಮ ನಿಯಮ, ಆದ್ದರಿಂದ ಸುಮ್ಮನೆ ಇಳಿಬಿಡುವುದಿಲ್ಲ, ಪಿನ್ನು ತೆಗೆದು, ಹಿಡಿ ಎತ್ತಿ, ನಾರಿನ ತುದಿಯನ್ನು ಕೊಂಡಿಯೊಳಗೆ ಇಟ್ಟು ಮತ್ತೆ ಒತ್ತಿದರು, ಆ ಬದಿಯೂ ಹಾಗೇ, ಹೋದ ವಾರದಂತೆಯೇ ಅಚ್ಚುಕಟ್ಟಾಗಿ — ಪಿನ್ನು ಇಳಿಯಲಿಲ್ಲ. ನೋಡ್ರೀ, ತೂತು ಸಾಲಲ್ಲಿ ಇಲ್ಲ, ನಾನ್ ಹೇಳ್ಲಿಲ್ವಾ. ಈಗ ತಾನೇ ಇಳೀತಲ್ಲೇ. ಆ ಬದಿಯೂ ಇಳಿಯಲಿಲ್ಲ. ಇನ್ನಷ್ಟು ಬಲವಾಗಿ ಒತ್ತಿದರು, ತಪ್ ಎಂದಿತು, ಟಕ್ ಅಲ್ಲ, ತಪ್, ತರಗತಿಯ ಕೊನೆಯ ಬೆಂಚಿನ ಪಿಸುಮಾತು ಹಿಡಿಯುತ್ತಿದ್ದ ಕಿವಿ ಇದು, ವಿಮಲಮ್ಮ ಬಗ್ಗಿ ನೋಡಿದರು, ಹಿಡಿಯ ಕೆಳಗೆ ತಮ್ಮದೇ ಗಂಟು, ಕೂದಲಿನಷ್ಟು ಸಂದು, ಕೊಂಡಿಯ ಬಾಯಲ್ಲಿ ಒಂದೆಸಳು, ಕಿತ್ತಳೆ ಬಣ್ಣದ್ದು.

ಪೇಪರಿನ ಮೇಲಿನ ಹಳೆಯ ಕೊಂಡಿಯ ಬಾಯಲ್ಲೂ. ಏನ್ ಟೀಚರಮ್ಮ, ಕೋಳಿ ತರಿಸ್ಲಾ ಎಂದು ಶೇಷಪ್ಪ ಕೂಗಿದರು, ನಾರನ್ನು ಮೆಲ್ಲಗೆ ಎಳೆದುಬಿಟ್ಟರೆ ಯಾರಿಗೂ ತಿಳಿಯದು, ಭೈರಪ್ಪ ಟವೆಲು ಕೊಡವುತ್ತಿದ್ದಾರೆ, ಮುಖ ಆಗಲೇ ಬಾಡುತ್ತಿದೆ, ಎಷ್ಟು ಮಕ್ಕಳನ್ನು ಎದ್ದು ನಿಲ್ಲಿಸಿ, ಗಟ್ಟಿಯಾಗಿ, ಹಿಂದಿನ ಬೆಂಚಿಗೂ ಕೇಳಿಸುವ ಹಾಗೆ ಹೇಳು ಎಂದವರು ತಾವು, ಬೆನ್ನು ನೆಟ್ಟಗಾಯಿತು, ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು. ಶೇಷಪ್ಪನವರೇ, ಹೋದ ವಾರದ ತಪ್ಪು ಇವರದ್ದಲ್ಲ, ನಂದು, ನಾರು ನಾನೇ ಕೊಂಡಿಯೊಳಗೆ ಸಿಕ್ಕಿಸಿದ್ದೆ, ಇವರು ಸರಿಯಾಗೇ ಹಾಕಿದ್ರು. ಹಾಗಾದ್ರೆ ಸಲಾಮ್ ಹೊಡೆದಿದ್ದು ಕಾರಲ್ಲ, ನೀವಾ ಎಂದರು ಶೇಷಪ್ಪ. ಭೈರಪ್ಪ ನಗಲಿಲ್ಲ, ಬಗ್ಗಿ ಕೊಂಡಿ ನೋಡಿದರು, ಹೆಂಡತಿಯನ್ನು ನೋಡಿದರು, ವಾರವಿಡೀ ಉಪ್ಪಿಟ್ಟಿನ ಜೊತೆ ಬೈಗುಳ ತಿಂದೆನಲ್ಲೇ ಮಾರಾಯ್ತಿ, ಅಂದ ಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮಾಲೆ ಈಗ ವಿಮಲಮ್ಮನವರ ಮಡಿಲಲ್ಲಿ, ಪಿನ್ನುಗಳು ತೂತಿನಲ್ಲಿ, ಕಾರು ಓಡುತ್ತಿದೆ, ಗಾಳಿ ಕಿವಿಯಲ್ಲಿ, ಹೋದ ಸಲ ಪಟಪಟ ಎಂದ ಜಾಗ ಬಂತು, ಹೋಯಿತು, ಬಾನೆಟ್ಟು ಮಲಗಿಯೇ ಇದೆ, ಆಕಾಶ ಇದ್ದಲ್ಲೇ ಇದೆ, ಮರಳಿನ ಚೀಲಗಳು ಪಕ್ಕಕ್ಕೆ ಸರಿದವು, ನೀಲಗಿರಿ ಮರಗಳು ಬರುತ್ತಿವೆ, ಪಕ್ಕದಿಂದ ಸಿಳ್ಳೆ, ಬಸ್ ಸ್ಟ್ಯಾಂಡಿನ ಪೋಲಿಗಳದ್ದೇ ಸಿಳ್ಳೆ, ಹಾಕಲಿ, ಇನ್ನೂ ಗಟ್ಟಿಯಾಗಿ ಹಾಕಲಿ, ನಾಳೆ ಸಿಟಿ ಬಸ್ಸಿನ ಕಂಡಕ್ಟರನಿಗೆ ಹಗ್ಗದ ವಿಷಯ ಮತ್ತೆ ಹೇಳಬೇಕು, ಆದರೆ ಹೇಳುವ ಮೊದಲು ತಾವು ಕಟ್ಟಿದ ಗಂಟನ್ನೊಮ್ಮೆ ನೋಡಿಕೊಂಡು — ಅಂಗೈ ಬಿಚ್ಚಿದರು, ಕೊಂಡಿಯ ಬಾಯಿಂದ ತೆಗೆದದ್ದು, ಹಿಡಿಯ ಗುರುತು ಅಡ್ಡಲಾಗಿ ಬಿದ್ದದ್ದು, ಒಂದೆಸಳು, ಕಿತ್ತಳೆ ಬಣ್ಣದ್ದು, ಒಂದೇ ಒಂದೆಸಳು