ಮೇಲಿನಿಂದ ಬಂದ ನೆರೆ

ಭಾನುವಾರದ ಪ್ರಸಂಗದಲ್ಲಿ ಫಾದರ್ ನೆರೆಯವರನ್ನು ಪ್ರೀತಿಸಿ ಎಂದರು. ವಾಪಸ್ಸು ಏನೂ ಬಯಸದೆ ಪ್ರೀತಿಸಿ, ಹೊಟ್ಟೆ ಉರಿಸುವವರನ್ನೂ ಪ್ರೀತಿಸಿ ಎಂದರು. ನನ್ನ ಅಜ್ಜಿಗೆ ಕೇಳುವುದು ಒಂದೇ ಕಿವಿ, ಅದೂ ಮನಸ್ಸು ಬಂದಾಗ. ಅವಳು ನನ್ನ ಪಕ್ಕೆ ತಿವಿದು, ಪಿಸುಗುಡುತ್ತಿದ್ದೇನೆಂದುಕೊಂಡು, ಇಡೀ ಚರ್ಚಿಗೆ ಕೇಳುವಂತೆ ಕೇಳಿದಳು:

"ನೆರೆಯನ್ನ ಪ್ರೀತಿಸಬೇಕಂತಾ? ನಮ್ಮ ಸೂರಿಂದ ಸುರಿಯುತ್ತಲ್ಲ, ಅದನ್ನಾ?"

ಫಾದರ್ ಕೆಮ್ಮಿದರು. ನಾನು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಾ ಕೂತೆ.

ಅಜ್ಜಿಯ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಕೆಳಗಿನ ಒಂದು ಕೋಣೆಯಲ್ಲಿ ಅವಳೂ ನಾನೂ ಇಸ್ತ್ರಿ ಮಾಡಿಕೊಂಡಿದ್ದೇವೆ. ಮೇಲಿನ ಕೋಣೆಯಲ್ಲಿ ತುತ್ತೂರಿ ಇದ್ದಾನೆ. ಬ್ಯಾಂಡ್ ಸೆಟ್ಟಿನಲ್ಲಿ ಊದುತ್ತಿದ್ದ ಮುದುಕ. ಹಲ್ಲು ಹೋದ ಮೇಲೆ ಊದುವುದು ನಿಂತಿತು, ಕೂಗುವುದು ನಿಲ್ಲಲಿಲ್ಲ. ಈಚೆಗೆ ಮರೆವು ಬೇರೆ. ಬಕೆಟ್ ಇಟ್ಟು ನಲ್ಲಿ ಬಿಡುತ್ತಾನೆ, ಯಾಕೆ ಬಿಟ್ಟೆನೆಂದು ಮರೆತು ಮಲಗುತ್ತಾನೆ. ಸ್ವಲ್ಪ ಹೊತ್ತಿಗೆ ನಮ್ಮ ಸೂರು ಬೆವರುತ್ತದೆ. ನಾನು ಬಟ್ಟೆಯ ಗಂಟುಗಳನ್ನು ಮಂಚದ ಮೇಲೆ ಎಸೆಯುತ್ತೇನೆ. ಅಜ್ಜಿ ಪೊರಕೆ ತಿರುಗಿಸಿ ಸೂರಿಗೆ ಗುದ್ದುತ್ತಾಳೆ.

"ಏ ಮುದಿಗೂಬೆ, ನಲ್ಲಿ ಮುಚ್ಚೋ!"

"ಕೆಳಗೆ ಸದ್ದು ಮಾಡ್ಬೇಡಿ! ಮನುಷ್ಯರು ಮಲಗೋದು ಬೇಡ್ವಾ?"

ಇಸ್ತ್ರಿಯ ಬಿಸಿಗೆ ತನ್ನ ಅಂಗಾಲು ಸುಡುತ್ತಿದೆಯೆಂದು ಮನೆ ಮಾಲೀಕರಿಗೆ ಚಾಡಿ ಹೇಳಿದ್ದೂ ಇವನೇ.

ಮಾಲೀಕರು ಬಂದಾಗ ನಾನು ಹೋಟೆಲಿನವರ ಬಿಳಿ ಅಂಗಿಗಳಿಗೆ ಇಸ್ತ್ರಿ ಉಜ್ಜುತ್ತಿದ್ದೆ. ನನ್ನ ಮೇಜು ಕಿಟಕಿಗೆ ತಾಗಿಕೊಂಡಿತ್ತು. ಬೇಗ ಶಾಲೆ ಬಿಟ್ಟವಳು, ಯಾರ ಹತ್ತಿರವೂ ಮಾತಾಡದವಳು. ನನಗೆ ಆ ಕಿಟಕಿಯೇ ಊರು. ಎದುರಿನ ಸೈಕಲ್ ರಿಪೇರಿಯವನು ಮೀಸೆ ಬೋಳಿಸಿದ್ದು ಅವನ ಹೆಂಡತಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಮೂಲೆಯಲ್ಲಿ ನರ್ಸಕ್ಕ ದಿನವೂ ಯಾರಿಗೋ ಕಾಯುತ್ತಾಳೆ. ಆ ಯಾರೋ ಮಾತ್ರ ನನ್ನ ಕಿಟಕಿಯ ಅಳತೆಗೆ ಸಿಕ್ಕಿರಲಿಲ್ಲ.

ಮಾಲೀಕರು ಸೂರು ನೋಡಿದರು. ಗಾರೆ ಉಬ್ಬಿ ಒಂದು ಕಡೆ ಕಳಚಿ ಬಿದ್ದಿತ್ತು.

"ಮೇಲಿಂದ ಬಂದ ನೀರು ತಾನೆ? ಹೂಂ ಅನ್ನಿ ಅಜ್ಜಿ, ಸಾಕು. ಸಂಜೆಯೊಳಗೆ ಅವನ ಸಾಮಾನು ಬೀದಿಗೆ."

"ಎಲ್ಲಿಗೆ ಹೋಗ್ತಾನೆ?"

"ನನಗೇನು ಗೊತ್ತು? ಹೇಳೋರು ಕೇಳೋರು ಯಾರಿದ್ದಾರೆ ಅವನಿಗೆ? ಮೇಲಿಂದ ಅಲ್ಲ ಅಂದ್ರೆ ನಿಮ್ಮ ಕೆಲಸವೇ ಅಂತಾಯ್ತು. ಆಗ ಈ ಮೇಜು ಹಿತ್ತಲ ಶೆಡ್ಡಿಗೆ."

ಶೆಡ್ಡಿಗೆ ಕಿಟಕಿಯಿಲ್ಲ. ನನಗೇನೂ ಭಯವಾಗಲಿಲ್ಲ. ಪೀಡೆ ತೊಲಗಿತು, ಅಜ್ಜಿಗೆ ಇಂದು ಹಬ್ಬ ಎಂದುಕೊಂಡೆ.

"ನಾನೇ ಚೆಲ್ಲಿದ್ದು," ಎಂದಳು ಅಜ್ಜಿ.

"ಏನನ್ನ?"

"ನೀರು. ಬಟ್ಟೆಗೆ ಚಿಮುಕಿಸೋವಾಗ."

"ಸೂರಿಗಾ?"

"ಕೈ ಜಾರಿತು."

ಸರಿಯಾಗಿ ಆಗಲೇ ಒಂದು ಹನಿ ಮಾಲೀಕರ ಬೋಳುತಲೆಯ ನಟ್ಟನಡುವೆ ಟಪ್ಪೆಂದಿತು. ಜ್ಞಾನಸ್ನಾನ ಕೊಡುವಾಗ ನಮ್ಮ ಫಾದರ್‌ಗೂ ಇಷ್ಟು ಗುರಿ ಇರುವುದಿಲ್ಲ.

ಅವರು ತಲೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ. ನಿನ್ನ ಬಾಯಲ್ಲಿ ಮಾತೇ ಬರಲ್ಲ, ಇನ್ನು ಸುಳ್ಳೆಲ್ಲಿ ಬರುತ್ತೆ?"

ಕಿಟಕಿಯಾಚೆ ಸೈಕಲ್ಲಿನವನು ಗಾಳಿ ಹೊಡೆಯುತ್ತಿದ್ದ. ಅಜ್ಜಿ ನನ್ನತ್ತ ನೋಡಲಿಲ್ಲ. ನೋಡಿದ್ದರೆ ಸಿಟ್ಟು ಬಂದು ನಿಜ ಹೇಳಿಬಿಡುತ್ತಿದ್ದೆ.

"ಅಜ್ಜಿದೇ ಕೆಲಸ," ಎಂದೆ. "ಎಷ್ಟು ಹೇಳಿದ್ರೂ ಕೇಳಲ್ಲ. ಬೆಳಿಗ್ಗೆಯಿಂದ ಸೂರಿಗೆ ಎರಚ್ತಾನೇ ಇದ್ದಾಳೆ."

ಮಾಲೀಕರು ಇಬ್ಬರನ್ನೂ ನೋಡಿದರು. "ಶೆಡ್ಡಿಗೆ," ಎಂದು ಹೊರಟುಹೋದರು.

ಮೇಜು ಎಳೆದುಕೊಂಡು ಹೋಗುವಾಗ ತುತ್ತೂರಿ ಮೆಟ್ಟಿಲಿಳಿದು ಬಂದ.

"ಏನು ಗಲಾಟೆ ಇದು? ಮಾಲೀಕರಿಗೆ ಹೇಳ್ತೀನಿ ನೋಡ್ತಿರಿ!"

"ಹೇಳು, ಹೋಗಿ ಹೇಳು. ಮೊದಲು ನಲ್ಲಿ ಮುಚ್ಚು!"

"ಯಾವ ನಲ್ಲಿ?"

ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಅಜ್ಜಿ ಮೊಣಕಾಲು ಹಿಡಿದುಕೊಂಡು, ಬೈಯುತ್ತಲೇ ಮೆಟ್ಟಿಲು ಹತ್ತಿ, ನಲ್ಲಿ ಮುಚ್ಚಿ ಬಂದಳು.

"ಅವನನ್ನ ಕಂಡ್ರೆ ನಿಂಗೆ ಆಗಲ್ವಲ್ಲಜ್ಜಿ?"

"ಈಗಲೂ ಆಗಲ್ಲ. ಫಾದರ್ ಪ್ರೀತಿಸು ಅಂದ್ರು, ಸರಿ. ಇಷ್ಟಪಡು ಅಂದಿದ್ರೆ ಚರ್ಚೇ ಬಿಡ್ತಿದ್ದೆ."

"ಮತ್ತೆ ನನ್ನ ಕಿಟಕಿ?"

ಅದು ಅವಳಿಗೆ ಕೇಳಿಸಲಿಲ್ಲ. ಕೇಳುವ ಕಿವಿಯ ಕಡೆಯೇ ನಿಂತು ಕೇಳಿದ್ದೆ. ಅವಳು ನನ್ನ ತಲೆಗೆ ಅಂಟಿದ್ದ ಗಾರೆಯ ಪುಡಿಯನ್ನು ಕೊಡವತೊಡಗಿದಳು. ಕೊಡವಿ ಮುಗಿದ ಮೇಲೂ ಕೊಡವುತ್ತಿದ್ದಳು.

ಈಗ ಬೆಳಿಗ್ಗೆ ನೀರು ಬರುವ ಹೊತ್ತಿಗೆ ನಾನೇ ಮೇಲೆ ಹೋಗಿ ಬಕೆಟ್ ತುಂಬಿಸಿ ನಲ್ಲಿ ಮುಚ್ಚುತ್ತೇನೆ. "ಯಾರು ನೀನು, ಕಳ್ಳಿಯಾ?" ಎಂದು ತುತ್ತೂರಿ ದಿನವೂ ಕೇಳುತ್ತಾನೆ. "ಕೆಳಗಿನವಳು," ಎನ್ನುತ್ತೇನೆ. ಅವನ ಕಿಟಕಿಯಿಂದ ಬೀದಿ ಕೊನೆಯವರೆಗೂ ಕಾಣುತ್ತದೆ. ನರ್ಸಕ್ಕ ಕಾಯುವವನೂ ಕಂಡ: ಸಣ್ಣ ಆಳು, ದೊಡ್ಡ ಹೆಲ್ಮೆಟ್ಟು.

ವಾಪಸ್ಸು ಏನೂ ಬಯಸಬೇಡಿ ಎಂದಿದ್ದರು ಫಾದರ್. ಬಯಸದೆ ಸಿಕ್ಕಿದ್ದನ್ನು ಏನು ಮಾಡಬೇಕೆಂದು ಹೇಳಿರಲಿಲ್ಲ. ಬಕೆಟ್ ತುಂಬುವವರೆಗೂ ಅಲ್ಲಿ ನಿಲ್ಲುತ್ತೇನೆ. ನಲ್ಲಿಯನ್ನು ಸ್ವಲ್ಪ ಸಣ್ಣಗೇ ಬಿಡುತ್ತೇನೆ.