ತಲೆಯ ಕಡೆ ನಿಂತವಳು

ಆ ಊರಿನ ವೈದ್ಯರ ಸಂಘದ ಅಧ್ಯಕ್ಷಗಿರಿ ಅಂದರೆ ಚಿನ್ನದ ಕಿರೀಟವೇನೂ ಅಲ್ಲ. ಸಭಾಂಗಣದ ಸೋರುವ ಮೂಲೆಗೆ ಬಕೆಟ್ ಇಡಿಸಬೇಕು, ಮೈಕಿನವನ ಕೈಕಾಲು ಹಿಡಿಯಬೇಕು, ಇಬ್ಬರು ಡಾಕ್ಟರುಗಳು ಒಬ್ಬನೇ ರೋಗಿಯ ವಿಚಾರಕ್ಕೆ ಮುಖ ತಿರುಗಿಸಿಕೊಂಡರೆ ನಡುವೆ ಕೂತು ಟೀ ಕುಡಿಸಬೇಕು. ಆದರೂ ಗೋಡೆಯ ಮೇಲೆ ಸಾಲಾಗಿ ತೂಗುವ ಹಳೆಯ ಅಧ್ಯಕ್ಷರ ಫೋಟೋಗಳ ಕೆಳಗೆ ನಿಂತಾಗ ಎಂಥವರಿಗೂ ಕತ್ತು ಸ್ವಲ್ಪ ಉದ್ದವಾಗುತ್ತದೆ. ಅಲ್ಲಿ ಒಬ್ಬರು ಕಣ್ಣಿನ ಡಾಕ್ಟರಿದ್ದಾರೆ. ಊರಿನ ಮುದುಕರಿಗೆಲ್ಲ ದೃಷ್ಟಿ ಕೊಟ್ಟು ತಮ್ಮ ಕನ್ನಡಕವನ್ನು ಮಾತ್ರ ದಿನವೂ ಹುಡುಕುತ್ತಿದ್ದವರು. ಇನ್ನೊಬ್ಬರು ಮೂಳೆ ಡಾಕ್ಟರು, ಅಧಿಕಾರ ವಹಿಸಿಕೊಂಡ ದಿನವೇ ಸಭಾಂಗಣದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಊರುಗೋಲು ಹಿಡಿದೇ ಸಭೆ ನಡೆಸಿದ ಪುಣ್ಯಾತ್ಮರು.

ಈ ಸಂಘದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಇತ್ತು. ಹೊಸ ಅಧ್ಯಕ್ಷರನ್ನು ಪರಿಚಯಿಸುವಾಗ ಡಿಗ್ರಿ, ಪದಕ, ಹುದ್ದೆಗಳನ್ನು ಓದುವಂತಿಲ್ಲ. ಹಿಂದೆ ಯಾರದೋ ಡಿಗ್ರಿಗಳನ್ನು ಓದಿ ಮುಗಿಸುವಷ್ಟರಲ್ಲಿ ಸಭಿಕರು ಎದ್ದು ಹೋಗಿ ಊಟ ಮುಗಿಸಿ ಕೈತೊಳೆದಿದ್ದರಂತೆ. ಅವತ್ತಿನಿಂದ ಒಂದೇ ನಿಯಮ: ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಒಬ್ಬರು ಎದ್ದು ನಿಂತು, ತಾವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿ ಹೇಳಬೇಕು. ಅಷ್ಟೇ ಪರಿಚಯ.

ಈ ಸಲ ಅಧ್ಯಕ್ಷೆಯಾಗಬೇಕಾದವಳು ನಿದ್ದೆ ಡಾಕ್ಟರಮ್ಮ. ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಟ್ಟು, ಮುಗಿಯುವವರೆಗೆ ರೋಗಿಯ ಉಸಿರು ಕಾಯುವುದು ಅವಳ ವೃತ್ತಿ. ಅರಿವಳಿಕೆ ತಜ್ಞೆ ಅನ್ನುವುದು ಜನರ ಬಾಯಲ್ಲಿ ತಿರುಗದೆ ನಿದ್ದೆ ಡಾಕ್ಟರಮ್ಮ ಅಂತಲೇ ಹೆಸರಾಯಿತು. ಕತ್ತರಿ ಹಿಡಿದವನ ಕಾಲಿಗೆ ಜನ ಬೀಳುತ್ತಾರೆ. ನಿದ್ದೆ ಮಾಡಿಸಿದವಳ ಮುಖ ಯಾರಿಗೂ ನೆನಪಿರುವುದಿಲ್ಲ. ನೆನಪಿದ್ದರೆ ಅದು ಅವಳ ಕೆಲಸದ ತಪ್ಪು. ಇದನ್ನು ಅವಳೇ ಹೇಳಿ ನಗುತ್ತಿದ್ದಳು.

ಅವಳ ಕೆಲಸವನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವನು ಅವಳ ಸ್ವಂತ ಅಣ್ಣ. ಊರಿಗೇ ಹೆಸರಾದ ಸರ್ಜನ್, ಎರಡು ಸಲ ಇದೇ ಸಂಘದ ಅಧ್ಯಕ್ಷ. ಅವನು ಡಾಕ್ಟರಾದ ಅಂತ ಇವಳೂ ಡಾಕ್ಟರಾದಳು. ಅವನ ಪುಸ್ತಕಗಳನ್ನೇ ಓದಿ, ಅವನ ಟೇಬಲ್ಲಿಗೇ ಬಂದು ನಿಂತಳು. ಅಣ್ಣ ಹೊಟ್ಟೆಯ ಕಡೆ, ತಂಗಿ ತಲೆಯ ಕಡೆ, ಮಧ್ಯೆ ರೋಗಿಯ ಕತ್ತಿನ ಮೇಲೆ ಕಂಬಿಗೆ ಸಿಕ್ಕಿಸಿದ ಒಂದು ಹಸಿರು ಬಟ್ಟೆಯ ಪರದೆ. ಆ ಪರದೆಯ ಎರಡು ಬದಿಯಲ್ಲಿ ಇಬ್ಬರ ಆಯಸ್ಸು ಕಳೆಯಿತು. ಅಣ್ಣ ತಲೆ ಎತ್ತದೆ "ಹೆಂಗಿದೆ?" ಅನ್ನುತ್ತಿದ್ದ, ಇವಳು "ನಡೀಲಿ" ಅನ್ನುತ್ತಿದ್ದಳು. ಕೊನೆಯ ಹೊಲಿಗೆ ಬಿದ್ದ ಮೇಲೆ "ಆಯ್ತು" ಅಂದು ಕೈಗವಸು ಕಿತ್ತೆಸೆದು ಹೊರಟುಬಿಡುತ್ತಿದ್ದ. ಚೆನ್ನಾಗಿ ಮಾಡಿದೆ ಅಂತ ಒಂದು ದಿನ ಅಂದವನಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ.

ಅಂಥ ಅಣ್ಣ ಎರಡು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದ. ಒಂದು ಪಿತ್ತಕೋಶದ ಆಪರೇಷನ್ನಿನಲ್ಲಿ ಅವನ ಬೆರಳಿನಿಂದ ದಾರ ಮತ್ತೆ ಮತ್ತೆ ಜಾರಿತು. ರೋಗಿಗೆ ಏನೂ ಆಗಲಿಲ್ಲ. ಆದರೆ ಆ ಕೈಯ ನಡುಕ ಇವಳಿಗೆ ಹೊಸದೇನಲ್ಲ. ಅದನ್ನು ತಿಂಗಳುಗಳಿಂದ ಮನಸ್ಸಿನಲ್ಲೇ ಇಟ್ಟುಕೊಂಡು ನರಳಿದ್ದಳು. ಕೈ ತೊಳೆಯುವ ತೊಟ್ಟಿಯ ಹತ್ತಿರ, ಇಬ್ಬರೇ ಇದ್ದಾಗ, "ಅಣ್ಣಾ, ಇನ್ನು ಸಾಕು" ಅಂದಳು. ಅವನು ಕೈ ಒರೆಸಿಕೊಂಡು ಹೊರಗೆ ಹೋದವನು ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ತಂಗಿಯ ಜೊತೆ ಮಾತೂ ಅವತ್ತಿಗೇ ನಿಂತಿತು.

ನಿಂತಿತು ಅಂದರೆ ಪೂರ್ತಿ ನಿಲ್ಲಲಿಲ್ಲ, ಅತ್ತಿಗೆಯ ಮೂಲಕ ಸುತ್ತು ಹಾಕಿಕೊಂಡು ಬರುತ್ತಿತ್ತು. ಅಧ್ಯಕ್ಷೆಯಾಗಿ ಆಯ್ಕೆಯಾದ ಮೇಲೆ ಅವಳು ಅಣ್ಣನ ಮನೆಗೆ ಹೋದಾಗಲೂ ಅದೇ ನಾಟಕ. ಅಣ್ಣ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ.

"ಕಾಫಿ ಬೇಕಾ ಅಂತ ಕೇಳು ಅವಳನ್ನ" ಅಂದ ಹೆಂಡತಿಗೆ.

"ಎದುರಿಗೇ ಕೂತಿದ್ದಾಳಲ್ರೀ, ನೀವೇ ಕೇಳಿ. ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ಕಂಬಾನಾ?" ಅಂದಳು ಅತ್ತಿಗೆ.

ನಿದ್ದೆ ಡಾಕ್ಟರಮ್ಮನಿಗೆ ನಗು ಬಂತು. "ಅತ್ತಿಗೆ, ಅಣ್ಣಂಗೆ ಹೇಳಿ. ಸಂಘದಲ್ಲಿ ನನ್ನ ಪರಿಚಯ ಮಾಡ್ಕೊಡೋಕೆ ಅವನೇ ಬರಬೇಕು. ಬೇರೆ ಯಾರೂ ಬೇಡ ನನಗೆ."

ಪತ್ರಿಕೆ ಅಲುಗಲಿಲ್ಲ. ಅವಳು ಅದರ ಹಿಂದಿನ ಉಸಿರನ್ನೇ ಕೇಳುತ್ತಾ ಕೂತಳು, ಅದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಉಸಿರು ಒಮ್ಮೆ ತಡೆದು ಮತ್ತೆ ನಡೆಯಿತು.

ಕಿವಿ ಮೂಗಿನ ಡಾಕ್ಟರಿಗೆ ಹೇಳು, ಅವರೂ ನಿನ್ನ ಜೊತೆ ಕೆಲಸ ಮಾಡಿದವರೇ, ಸೊಗಸಾಗಿ ಮಾತಾಡ್ತಾರೆ ಅಂತ ಸಂಘದವರು ಬುದ್ಧಿ ಹೇಳಿದರು. ಅವಳು ಒಪ್ಪಲಿಲ್ಲ. ಯಾರೋ ಹೊಗಳುವುದು ಅವಳಿಗೆ ಬೇಕಿರಲಿಲ್ಲ. ಇಷ್ಟು ವರ್ಷ ಪರದೆಯ ಆಚೆ ತಾನು ನಿಂತದ್ದನ್ನು ಅಣ್ಣ ಕಂಡಿದ್ದಾನೆ ಅನ್ನುವುದನ್ನು ಅವನ ಬಾಯಿಂದಲೇ ಒಂದು ಸಲ ಕೇಳಬೇಕಿತ್ತು. ಅರವತ್ತು ಹತ್ತಿರವಾದ ಹೆಂಗಸಿಗೆ ಇದೆಂಥ ಹುಚ್ಚು ಆಸೆ ಅಂತ ತನ್ನನ್ನೇ ಬೈದುಕೊಂಡಳು. ಬೈದರೆ ಆಸೆ ಹೋಗುತ್ತದೆಯೇ?

ಸಭೆಯ ದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ದೊಡ್ಡಮೇಡಂ ಕೂತಿದ್ದರು. ಊರಿನ ಮೊದಲ ನಿದ್ದೆ ಡಾಕ್ಟರು ಅವರೇ. ಇವಳಿಗೆ ಕೈ ಹಿಡಿದು ಕೆಲಸ ಕಲಿಸಿದವರು. ಈಗ ವಯಸ್ಸಾಗಿ ಎರಡೂ ಕಿವಿಗೆ ಯಂತ್ರ ಹಾಕಿಕೊಂಡು, ಕೋಲು ಹಿಡಿದು ಬಂದಿದ್ದರು. ವೇದಿಕೆಯ ಮೇಲೆ ಇವಳ ಪಕ್ಕದ ಕುರ್ಚಿ ಖಾಲಿ ಇತ್ತು. ಕಾರ್ಯದರ್ಶಿ ಗಡಿಯಾರ ನೋಡಿದರು, ಇವಳು ಬಾಗಿಲು ನೋಡಿದಳು. ಕಿವಿ ಮೂಗಿನ ಡಾಕ್ಟರು ಆಗಲೇ ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಅಣ್ಣ ಬಂದ. ಹಿಂದೆ ಅತ್ತಿಗೆ, ಗಂಡನನ್ನು ತಳ್ಳಿಕೊಂಡೇ ಬಂದವಳ ಹಾಗೆ. ಅವನು ಯಾರನ್ನೂ ನೋಡದೆ ನೆಟ್ಟಗೆ ಮೈಕಿನ ಹತ್ತಿರ ಹೋಗಿ, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಮಾತು ಶುರುಮಾಡಿದ.

"ಒಬ್ಬಳು ಹುಡುಗಿಗೆ ಕರುಳು ಸಿಕ್ಕಿಹಾಕ್ಕೊಂಡಿತ್ತು. ನಾನು ಹೊಟ್ಟೆ ಕೊಯ್ದು ಕರುಳು ಎಳೀತಾ ಇದ್ದೆ. ಆಗ ನಾನು ಹೊಸ ಸರ್ಜನ್, ನನ್ನಷ್ಟು ತಿಳಿದೋನು ಭೂಮಿ ಮೇಲೆ ಇಲ್ಲ ಅಂದ್ಕೊಂಡಿದ್ದೆ." ಸಭೆ ನಕ್ಕಿತು. "ಪರದೆ ಆಚೆಯಿಂದ ಒಂದು ದನಿ ಬಂತು: ಕೈ ಬಿಡಿ. ನಾನು ಬಿಡಲಿಲ್ಲ. ಮತ್ತೆ ಅದೇ ದನಿ, ಗದರಿಸಿದ ಹಂಗೆ: ಎಳೀಬೇಡಿ, ಕೈ ಬಿಡಿ ಅಂದೆ. ಬಿಟ್ಟೆ. ನಾನು ಎಳೀತಿದ್ದ ರಭಸಕ್ಕೆ ಹುಡುಗಿಯ ನಾಡಿ ನಿಲ್ಲೋ ಹಂಗಾಗಿತ್ತಂತೆ. ಆಮೇಲೆ ನಾಡಿ ಬಂತು. ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ನಾನು ಬದುಕಿಸಿದೆ ಅಂತ ಊರೆಲ್ಲ ಹೇಳ್ತು, ನಾನೂ ಸುಮ್ಮನಿದ್ದೆ. ಬದುಕಿಸಿದವಳು ಇಲ್ಲಿ ಕೂತಿದ್ದಾಳೆ. ನನಗೆ ಕೈ ಬಿಡು ಅನ್ನೋ ಧೈರ್ಯ ಅವತ್ತೂ ಇವಳಿಗೇ ಇತ್ತು. ಎರಡು ವರ್ಷದ ಕೆಳಗೂ ಇವಳಿಗೇ ಇದ್ದದ್ದು."

ಚಪ್ಪಾಳೆಗೆ ಸಭಾಂಗಣ ಬಿರಿಯಿತು. ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿದ್ದೆ ಡಾಕ್ಟರಮ್ಮ ಮಾತ್ರ ಕುರ್ಚಿಯಲ್ಲಿ ತಣ್ಣಗಾಗಿ ಕೂತಿದ್ದಳು. ಆ ಹುಡುಗಿಯ ಆಪರೇಷನ್ ಆದ ವಾರ ಇವಳು ಹೆರಿಗೆ ವಾರ್ಡಿನಲ್ಲಿ ಮಗಳನ್ನು ಹೆತ್ತು ಮಲಗಿದ್ದಳು. ಪರದೆಯ ಆಚೆ ಇದ್ದವರು ದೊಡ್ಡಮೇಡಂ. ಆ ಕತೆಯನ್ನು ಬಾಣಂತಿಯ ಮಂಚದ ಪಕ್ಕ ಕೂತು ನಗುತ್ತಾ ಹೇಳಿದವರೂ ಅವರೇ: ನಿಮ್ಮಣ್ಣನಿಗೆ ಇವತ್ತು ಚೆನ್ನಾಗಿ ಗದರಿಸಿದೆ ಕಣೇ ಅಂತ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜೀವಮಾನವೆಲ್ಲ ಕಾದ ಮಾತು ಬಂದದ್ದೇನೋ ನಿಜ, ಆದರೆ ಬೇರೆಯವರ ಅಳತೆಗೆ ಹೊಲಿಸಿದ ರವಿಕೆಯ ಹಾಗೆ ಬಂತು. ಅಣ್ಣ ಸುಳ್ಳು ಹೇಳುವವನಲ್ಲ. ಪರದೆಯ ಆಚೆ ಯಾರಿದ್ದಾರೆ ಅಂತ ಅವನು ನೋಡಿಯೇ ಇರಲಿಲ್ಲ. ಅಷ್ಟೇ ವಿಷಯ, ಮತ್ತು ಅವಳಿಗೆ ನೋವಾದದ್ದೂ ಅದೇ.

ಅವಳು ದೊಡ್ಡಮೇಡಂ ಕಡೆ ನೋಡಿದಳು. ಕಿವಿಯ ಯಂತ್ರ ಸರಿಯಾಗಿಯೇ ಕೆಲಸ ಮಾಡಿತ್ತು. ಅವರ ಭುಜ ನಗುವಿನಿಂದ ಕುಲುಕುತ್ತಿತ್ತು. ಹೊಸ ಅಧ್ಯಕ್ಷೆ ಎದ್ದು ನಿಂತು, ಅಣ್ಣನಿಗೆ ನಮಸ್ಕಾರ ಹೇಳಿ, ತನಗೆ ಕೆಲಸ ಕಲಿಸಿದವರು ಮುಂದೆ ಕೂತಿದ್ದಾರೆ, ತಾನು ಮಾಡಿದ್ದೆಲ್ಲ ಅವರು ಮಾಡಿ ತೋರಿಸಿದ್ದೇ, ಅಣ್ಣ ಹೇಳಿದ್ದೂ ಅವರದೇ ಕೆಲಸ ಅಂದಳು. ಸಭೆ ಅದನ್ನು ವಿನಯ ಅಂದುಕೊಂಡು ಇನ್ನಷ್ಟು ಚಪ್ಪಾಳೆ ತಟ್ಟಿತು. ನಿಜ ಹೇಳಿದರೂ ನಂಬದವರಿಗೆ ಏನು ಮಾಡೋಣ!

ಕೆಳಗಿಳಿದು ಬಂದಾಗ ದೊಡ್ಡಮೇಡಂ ಅವಳ ಕೈ ಹಿಡಿದು ಹತ್ತಿರ ಎಳೆದುಕೊಂಡರು. "ಇಟ್ಕೊಳ್ಳೇ ಹುಡುಗಿ. ನನ್ನ ಹತ್ರ ಅಂಥವು ಬೇಕಾದಷ್ಟಿವೆ."

"ನನಗೆ ನಂದೇ ಬೇಕಿತ್ತು ಮೇಡಂ" ಅಂದಳು ಅವಳು, ಮಗುವಿನ ಹಾಗೆ.

ಊಟ ಮುಗಿದು ಜನ ಚದುರಿದರು. ಅಣ್ಣ ಹೊರಗೆ ಕಾರಿನ ಹತ್ತಿರ ಅತ್ತಿಗೆಗಾಗಿ ಕಾಯುತ್ತಿದ್ದ. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಮಧ್ಯೆ ಅತ್ತಿಗೆ ಇಲ್ಲದ್ದರಿಂದ ಮಾತು ನೇರವಾಗಿಯೇ ಬರಬೇಕಾಯಿತು.

"ಸರಿಯಾಗಿ ಹೇಳಿದ್ನೇನೇ?" ಅಂದ.

ಎರಡು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು. ಹೂಂ ಅಂದುಬಿಟ್ಟರೆ ಎಲ್ಲ ಮೊದಲಿನ ಹಾಗಾಗುತ್ತಿತ್ತು. ಅವಳಿಗೆ ಮೊದಲಿನ ಹಾಗಾಗುವುದು ಬೇಡವಾಗಿತ್ತು.

"ಅವತ್ತು ನಾನಿರಲಿಲ್ಲ ಅಣ್ಣಾ. ಮಗಳು ಹುಟ್ಟಿದ ವಾರ ಅದು. ಅಲ್ಲಿದ್ದದ್ದು ದೊಡ್ಡಮೇಡಂ."

ಅಣ್ಣನ ಮುಖ ಸಪ್ಪಗಾಯಿತು. ನೆನಪನ್ನು ತಡಕಾಡಿದ. "ನೀನೇ ಅಂದ್ಕೊಂಡಿದ್ದೆ ನಾನು" ಅಂದ ಕೊನೆಗೆ. "ಯಾವತ್ತೂ ಪರದೆ ಆಚೆ ನೀನೇ ಇದ್ದೀಯ ಅಂದ್ಕೊಂಡೇ ಕೈ ಹಾಕ್ತಿದ್ದೆ. ಇಲ್ಲದಿದ್ರೆ ಧೈರ್ಯ ಎಲ್ಲಿಂದ ಬರಬೇಕು?"

ಅವಳಿಗೆ ಕಣ್ಣು ತುಂಬಿತು. ಇದು ಅವಳು ಕೇಳಿದ್ದಕ್ಕಿಂತ ದೊಡ್ಡದು ಅಂತ ಗೊತ್ತಾಯಿತು. ಆದರೂ ಕೇಳಿದ್ದು ಇದಲ್ಲ.

"ಅದೆಲ್ಲ ಸರಿ" ಅಂದಳು. "ಒಂದ್ಸಲ ತಲೆ ಎತ್ತಿ ನೋಡಬಹುದಿತ್ತಲ್ಲ, ಅಣ್ಣಾ."

ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಅವನು ಕಾರಿನ ಬಾಗಿಲ ಮೇಲಿಟ್ಟ ಕೈಯನ್ನು ತೆಗೆದು, ಅವಳ ಕಡೆ ಪೂರ್ತಿ ತಿರುಗಿ, ಕನ್ನಡಕ ಸರಿಮಾಡಿಕೊಂಡು ನೋಡಿದ. ನೋಡುತ್ತಲೇ ಇದ್ದ.

"ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತೇ?" ಅಂದ.